ಬೀಳ್ಕೊಡುಗೆಯ ಮಾರನೆಯ ದಿನ

ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ಮಾನ್ಯ ಸೋದರ ಸೋದರಿಯರಲ್ಲಿ ವಿಜ್ಞಾಪನೆ.

ನಮ್ಮ ತಲೆಮಾರಿನವರನ್ನು ಶಾಲೆಗೆ ಸೇರಿಸಿದ ಕಾಲದಲ್ಲಿ, ಮಗು ಹುಟ್ಟಿದ ದಿನವನ್ನು ಬರೆದಿಡುವ ವಾಡಿಕೆಯಿಲ್ಲದ ಮನೆಗಳಿಂದ ಬಂದವರಿಗೆಲ್ಲ ಹೆಡ್ ಮೇಷ್ಟ್ರುಗಳು ತಮ್ಮ ಅನುಕೂಲವನ್ನು ನೋಡಿಕೊಂಡು ಜೂನ್ 1 ಎಂಬ ಜನ್ಮದಿನವನ್ನು ದಯಪಾಲಿಸಿದ ಕಾರಣ, ಮತ್ತು ತಿಂಗಳ ಮೊದಲನೆಯ ತಾರೀಖಿನಂದು ಹುಟ್ಟಿದವನು ಹಿಂದಿನ ತಿಂಗಳ ಕಡೆಯ ದಿನವೇ ನಿವೃತ್ತನಾಗತಕ್ಕದ್ದೆಂದು ಸೇವಾನಿಯಮಗಳು ವಿಧಿಸಿರುವ ಕಾರಣ, ಮೇ ತಿಂಗಳ 31ನೆಯ ತಾರೀಖು ಕರ್ನಾಟಕದ ಶಾಲೆ ಕಚೇರಿಗಳಲ್ಲಿ ಬೀಳ್ಕೊಡುಗೆಗಳ ಮಹಾಪರ್ವವಾಗಿ ಪರಿಣಮಿಸಿದೆ. ಅರುವತ್ತು ತುಂಬಿದವರು, ಕಾಗದದ ಮೇಲಾದರೂ ತುಂಬಿದವರು, ಅಂದು ಅಪರಾಹ್ಣ ಹಾರ ಶಾಲುಗಳನ್ನು ಹೊತ್ತು, ಮೈಸೂರು ಪೇಟ ಧರಿಸಿ, ಹಣ್ಣಿನ ಬುಟ್ಟಿಯೊಡನೆ ಮನೆಗೆ ಹಿಂದಿರುಗುತ್ತಾರೆ. ವೇದಿಕೆಯ ಮೇಲೆ ಮಾತನಾಡಿದವರೆಲ್ಲರೂ ನಿವೃತ್ತಿ ಜೀವನ ಸುಖಮಯವಾಗಿರಲೆಂದು ಹಾರೈಸಿರುತ್ತಾರೆ. ಮಾರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ ಏನು ಮಾಡತಕ್ಕದ್ದೆಂಬ ವಿಷಯದಲ್ಲಿ ಮಾತ್ರ ಅವರಲ್ಲಿ ಒಬ್ಬರೂ ತುಟಿ ಬಿಚ್ಚಿರುವುದಿಲ್ಲ. ತಮಗಿಂತ ಕೆಲವು ವರ್ಷ ಮುಂಚಿತವಾಗಿ ಅದೇ ಪೇಟವನ್ನು ಧರಿಸಿ ಮನೆಗೆ ಬಂದ ಒಬ್ಬ ಮೇಷ್ಟ್ರು ಆ ಹತ್ತು ಗಂಟೆಯನ್ನು ಕುರಿತು ಬರೆಯುತ್ತಿರುವ ಪತ್ರವಿದು.

ನಾನು ಹಲವರನ್ನು ನೋಡಿ ತಿಳಿದುಕೊಂಡ ಒಂದು ಸಂಗತಿಯನ್ನು ಮೊದಲು ನಿವೇದಿಸುತ್ತೇನೆ. ನಿವೃತ್ತನಾದವನು ನಿವೃತ್ತಿಯ ಮೊದಲ ಕೆಲವು ತಿಂಗಳು ಬಹು ಲವಲವಿಕೆಯಿಂದಿರುತ್ತಾನೆ. ಪಿಂಚಣಿಯ ಕಡತ ಮಹಾಲೇಖಪಾಲರ ಕಚೇರಿಗೆ ಹೋಗಿದೆಯೋ ಇಲ್ಲವೋ, ಗಳಿಕೆ ರಜೆಯ ನಗದೀಕರಣದ ಬಿಲ್ಲು ಖಜಾನೆಯಲ್ಲಿ ಯಾವ ಮೇಜಿನ ಮೇಲಿದೆ, ಉಪದಾನದ ಹಣದಿಂದ ಹಳೆಯ ಸಾಲದ ಬಾಕಿಯನ್ನು ಎಷ್ಟು ಮುರಿದುಕೊಂಡರು, ಎಂಬುವನ್ನೆಲ್ಲ ವಿಚಾರಿಸುತ್ತ, ಬೆಳಗ್ಗೆ ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಕಾಗದಗಳನ್ನಿಟ್ಟುಕೊಂಡು ಬಸ್ಸು ಹತ್ತುತ್ತಾನೆ. ಗುಮಾಸ್ತನು ನಾಳೆ ಬನ್ನಿರೆಂದರೆ ಕೋಪಗೊಳ್ಳುತ್ತಾನೆ, ಆದರೆ ನಾಳೆ ತಪ್ಪದೆ ಹೋಗುತ್ತಾನೆ. ರಾತ್ರಿ ಗಾಢವಾಗಿ ನಿದ್ರಿಸುತ್ತಾನೆ. ಕಡೆಗೊಂದು ದಿನ ಕಡತ ವಿಲೇವಾರಿಯಾಗಿ, ಪಿಂಚಣಿ ಪಾವತಿ ಆದೇಶ ಕೈಸೇರಿ, ಮೊದಲ ಪಿಂಚಣಿಯು ಬ್ಯಾಂಕಿಗೆ ಜಮೆಯಾಗುತ್ತದೆ. ಮೊಣಕಾಲು ನೋವು ಆರಂಭವಾಗುವುದು ಆ ವಾರದಲ್ಲಿ. ಪತ್ರಿಕೆಯನ್ನು ಜಾಹೀರಾತು ಸಹಿತ ಎರಡು ಸಲ ಓದುವುದು, ಸೊಸೆ ಕುಕ್ಕರಿನ ಎಷ್ಟನೆಯ ಕೂಗಿಗೆ ಒಲೆ ಆರಿಸಿದಳೆಂದು ಲೆಕ್ಕವಿಡುವುದು, ಮಧ್ಯಾಹ್ನ ಮಲಗಿ ರಾತ್ರಿ ನಿದ್ರೆ ಬಾರದೆ ಹೊರಳುವುದು, ಇವೆಲ್ಲ ಅಲ್ಲಿಂದ ಮುಂದೆ. ನೆರೆಯವರು ಪಾಪ, ವಯಸ್ಸಾಯಿತು ಎನ್ನುತ್ತಾರೆ. ಒಂದು ವಾರದಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ. ಕಳೆದುಹೋದದ್ದು ಅವನ ಪ್ರಾಯವಲ್ಲ, ಬೆಳಗಾದರೆ ಅವನನ್ನು ಹೊರಡಿಸುತ್ತಿದ್ದ ಕಡೆಯ ಉದ್ದೇಶ.

ಸೇವೆಯಲ್ಲಿದ್ದಷ್ಟು ಕಾಲ ಉದ್ದೇಶಗಳಿಗೆ ನಮಗೆ ಬರವಿರಲಿಲ್ಲ, ಏಕೆಂದರೆ ಅವುಗಳನ್ನು ಒದಗಿಸುವ ಹೊಣೆಯನ್ನು ಸರಕಾರವೇ ಹೊತ್ತಿತ್ತು. ಮಾರ್ಚಿ ಮುಗಿಯುವುದರೊಳಗೆ ಅನುದಾನ ಖರ್ಚಾಗಬೇಕಿತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷಕ್ಕಿಂತ ಮೇಲೇರಬೇಕಿತ್ತು. ಜನಗಣತಿ ಬಂದರೆ ಮನೆಮನೆ ಅಲೆಯಬೇಕಿತ್ತು, ಚುನಾವಣೆ ಬಂದರೆ ಮತಪೆಟ್ಟಿಗೆಯ ಪಕ್ಕದಲ್ಲಿ ರಾತ್ರಿ ಕಳೆಯಬೇಕಿತ್ತು. ಇವುಗಳನ್ನೆಲ್ಲ ನಾವು ಶಪಿಸುತ್ತ ನೆರವೇರಿಸಿದೆವು. ಶಪಿಸುವುದಕ್ಕೆ ಬೇಕಾದ ಚೈತನ್ಯವನ್ನು ಸಹ ಅವುಗಳಿಂದಲೇ ಪಡೆಯುತ್ತಿದ್ದೆವೆಂಬುದು ಅಂದು ಹೊಳೆಯಲಿಲ್ಲ. ಪರರು ನಿಯಮಿಸಿದ ಗುರಿಗಳ ಹಿಂದೆ ಮೂರು ದಶಕಕ್ಕೂ ಹೆಚ್ಚು ಕಾಲ ನಡೆದವನಿಗೆ, ತನ್ನ ಗುರಿಯನ್ನು ತಾನೇ ನಿಯಮಿಸಿಕೊಳ್ಳುವ ಅಭ್ಯಾಸ ತಪ್ಪಿಹೋಗಿರುವುದು ಸಹಜ. ಅರುವತ್ತರಲ್ಲಿ ಕಲಿಯಬೇಕಾದ ಮೊದಲ ಪಾಠ ಇದು. ಅದನ್ನು ಕಲಿಸುವ ತರಬೇತಿ ಶಿಬಿರವನ್ನು ಯಾವ ಇಲಾಖೆಯೂ ನಡೆಸುವುದಿಲ್ಲ.

ಮೊದಲು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳುತ್ತೇನೆ, ಮೈಯಲ್ಲಿ ಕಸುವು ಕೂಡಿದ ಮೇಲೆ ಯಾವುದಾದರೊಂದು ಕಾರ್ಯವನ್ನು ಕೈಗೊಳ್ಳುತ್ತೇನೆ, ಎಂದು ತಮ್ಮಲ್ಲಿ ಬಹುಮಂದಿ ಈಗಾಗಲೇ ನಿಶ್ಚಯಿಸಿರುವಿರಿ. ವಿಶ್ರಾಂತಿ ನ್ಯಾಯವೇ, ಆಷಾಢ ಮುಗಿಯುವವರೆಗೆ ಮಲಗಿರಿ, ಬೇಡವೆನ್ನುವವರಾರು? ಆದರೆ ಕಸುವು ಕೂಡುವುದನ್ನು ಕಾದು ಕುಳಿತವರು ಕಾದೇ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಸೇದುವವರಿಲ್ಲದ ಬಾವಿಯಲ್ಲಿ ಒರತೆ ಮುಚ್ಚಿಹೋಗುವಂತೆ, ವಿನಿಯೋಗವಿಲ್ಲದ ಶಕ್ತಿಯೂ ಹೂತುಹೋಗುತ್ತದೆ. ಶಕ್ತಿಯಿರುವುದರಿಂದ ಗುರಿ ಹುಟ್ಟುತ್ತದೆಂದು ನಾವು ಭಾವಿಸುತ್ತೇವೆ. ನಾನು ಬಲ್ಲ ಮಟ್ಟಿಗೆ, ಗುರಿಯೊಂದು ನಿಶ್ಚಿತವಾದ ಮೇಲೆಯೇ ಅದಕ್ಕೆ ತಕ್ಕಷ್ಟು ಶಕ್ತಿ ಎಲ್ಲಿಂದಲೋ ಬಂದು ಸೇರುವುದು.

ಇದು ಕೇವಲ ಮೇಷ್ಟ್ರ ಉಪದೇಶವೆಂದು ಸಂಶಯಿಸುವವರಿಗಾಗಿ ಒಂದು ಪರೀಕ್ಷೆಯನ್ನು ಹೇಳುತ್ತೇನೆ. ಅಮೆರಿಕದ ಓಕ್ಲಹೋಮ ಪ್ರಾಂತದಲ್ಲಿ ಮರದ ದಿಮ್ಮಿಗಳನ್ನು ಸಾಗಿಸುವ ಲಾರಿಗಳ ಚಾಲಕರನ್ನು ಗ್ಯಾರಿ ಲ್ಯಾಥಮ್ ಎಂಬ ಮನಶ್ಶಾಸ್ತ್ರಜ್ಞರು ಒಬ್ಬ ಸಹೋದ್ಯೋಗಿಯೊಡನೆ ಪರಿಶೀಲಿಸಿ 1975ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕೈಲಾದಷ್ಟು ತುಂಬಿರೆಂದು ಹೇಳುತ್ತಿದ್ದ ಕಾಲದಲ್ಲಿ, ಕಾಯಿದೆ ಅನುಮತಿಸುವ ತೂಕದಲ್ಲಿ ಶೇಕಡ ಅರುವತ್ತರ ಆಸುಪಾಸಿನಷ್ಟನ್ನು ಮಾತ್ರ ಅವರು ಹೇರುತ್ತಿದ್ದರು. ಶೇಕಡ 94 ಎಂದು ಸ್ಪಷ್ಟವಾದ ಗುರಿಯೊಂದನ್ನು ಗೊತ್ತುಪಡಿಸಿದ ಮೇಲೆ, ಬಿಡಿಕಾಸಿನ ಆಮಿಷವೂ ಇಲ್ಲದೆ, ಅದೇ ಲಾರಿ ಅದೇ ಚಾಲಕರಿಂದ ಹೇರು ಕೆಲವು ತಿಂಗಳುಗಳಲ್ಲಿ ಶೇಕಡ ತೊಂಬತ್ತರ ಸಮೀಪಕ್ಕೆ ಏರಿತು. ಕೈಲಾದಷ್ಟು ಎಂಬ ಮಾತು ವಿನಯದ್ದಾಗಿ ಕಾಣುತ್ತದೆ, ಆದರೆ ಅದಕ್ಕೆ ಅಳತೆಯಿಲ್ಲ. ಎಷ್ಟು ಕಡಮೆ ಮಾಡಿದರೂ ಅಷ್ಟೇ ಕೈಲಾದದ್ದೆಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಇನ್ನು ಮೇಲೆ ಸ್ವಲ್ಪ ಓದಬೇಕು, ಸ್ವಲ್ಪ ನಡೆಯಬೇಕು, ಸ್ವಲ್ಪ ಸಮಾಜಸೇವೆ ಮಾಡಬೇಕು, ಎನ್ನುವ ನಿವೃತ್ತರ ಪ್ರತಿಜ್ಞೆಗಳೆಲ್ಲ ಈ ಅಳತೆಯಿಲ್ಲದ ವರ್ಗಕ್ಕೆ ಸೇರಿದವು. ದೀಪಾವಳಿಯ ಹೊತ್ತಿಗೆ ಅವು ಅಳಿದಿರುತ್ತವೆ, ಅಳಿದದ್ದು ಯಾರ ಗಮನಕ್ಕೂ ಬಂದಿರುವುದಿಲ್ಲ.

ಸ್ಪಷ್ಟತೆಯೆಂದರೇನೆಂದು ಕಲಿಯಲು ಓಕ್ಲಹೋಮದವರೆಗೆ ಹೋಗಬೇಕಾಗಿಯೂ ಇಲ್ಲ. ಮನೆಯಲ್ಲಿ ಸತ್ಯನಾರಾಯಣನ ವ್ರತವಾಗುವಾಗ ಪುರೋಹಿತರು ಮಾಡಿಸುವ ಸಂಕಲ್ಪವನ್ನು ಗಮನವಿಟ್ಟು ಕೇಳಿರಿ. ಯಾವ ದ್ವೀಪ, ಯಾವ ವರ್ಷ, ನದಿಯ ಯಾವ ತೀರ, ಯಾವ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ; ಕರ್ತೃವಿನ ಗೋತ್ರವೇನು, ಹೆಸರೇನು; ಯಾವ ಫಲವನ್ನುದ್ದೇಶಿಸಿ ಯಾವ ಕರ್ಮವನ್ನು ಮಾಡಲಿರುವನು; ಇಷ್ಟನ್ನೂ ಉಚ್ಚರಿಸದೆ ಒಂದು ಹೂವನ್ನು ಸಹ ದೇವರ ಮೇಲೆ ಹಾಕಿಸುವುದಿಲ್ಲ. ಮಂತ್ರದ ಹಂಗಿಲ್ಲದೆ ಮಾದಪ್ಪನ ಬೆಟ್ಟಕ್ಕೆ ಹರಕೆ ಹೊತ್ತ ರೈತನದೂ ಅದೇ ಕ್ರಮ: ಇಂಥ ಜಾತ್ರೆಗೆ, ಇಂಥ ಊರಿನಿಂದ, ಬರಿಗಾಲಿನಲ್ಲಿ ನಡೆದು ಬರುವೆನೆಂದು ಅವನು ನುಡಿಯುತ್ತಾನೆಯೇ ಹೊರತು, ಸಮಯ ಸಿಕ್ಕಾಗ ಬರಲು ಪ್ರಯತ್ನಿಸುವೆನೆಂದು ಯಾವ ಮಾದಪ್ಪನ ಮುಂದೆಯೂ ಹೇಳಿದವನಲ್ಲ. ದೇವರೊಡನೆ ನಾವು ಇಷ್ಟು ಖಚಿತವಾಗಿ ವ್ಯವಹರಿಸುವವರು. ನಮ್ಮೊಡನೆ ನಾವೇ ಮಾಡಿಕೊಳ್ಳುವ ಕರಾರುಗಳನ್ನು ಮಾತ್ರ ಯಾಕೆ ಇಷ್ಟು ಸಡಿಲವಾಗಿ ಬರೆಯುತ್ತೇವೋ ತಿಳಿಯದು.

ಒಂದು ನಿದರ್ಶನದಿಂದ ಹೇಳುವೆನು. ಕುಮಾರವ್ಯಾಸನನ್ನು ಓದಬೇಕೆಂಬ ಆಸೆಯಿಲ್ಲದ ಕನ್ನಡ ಉಪಾಧ್ಯಾಯನಿಲ್ಲ. ಪಠ್ಯದಲ್ಲಿದ್ದ ಭಾಗಗಳ ಹೊರಗೆ ಅವನನ್ನು ಪೂರ್ತಿಯಾಗಿ ಓದಿದವರು ವಿರಳ. ಆತನ ಭಾರತದಲ್ಲಿ ಹತ್ತು ಪರ್ವಗಳಿವೆ, 152 ಸಂಧಿಗಳಿವೆ, ಪದ್ಯಗಳು ಎಂಟು ಸಾವಿರಕ್ಕೂ ಮಿಕ್ಕಿವೆ. ಎಂಟು ಸಾವಿರವೆಂದೊಡನೆ ಎದೆ ಕುಸಿಯುತ್ತದೆ. ವಾರಕ್ಕೆ ಮೂರು ಸಂಧಿಯೆಂದು ಇಟ್ಟುಕೊಂಡರೆ ಒಂದು ವರ್ಷ ತುಂಬುವ ಮುನ್ನ ಗ್ರಂಥ ಮುಗಿಯುತ್ತದೆ. ಸೋಮವಾರ, ಬುಧವಾರ, ಶುಕ್ರವಾರ, ಸಂಜೆ ಆರಕ್ಕೆ, ಒಂದೊಂದು ಸಂಧಿ, ಗಟ್ಟಿಯಾಗಿ ಓದಿ, ತಿಳಿಯದ ಪದಗಳನ್ನು ಅಂಚಿನಲ್ಲಿ ಗುರುತಿಟ್ಟು ಮರುದಿನ ಕೋಶ ನೋಡುವುದು: ಇದು ಗುರಿ. ಕುಮಾರವ್ಯಾಸನನ್ನು ಓದಬೇಕೆನ್ನುವುದು ಹಂಬಲ. ಹಂಬಲಕ್ಕೆ ಮಂಗಳವಾರ ಬುಧವಾರಗಳ ಭೇದವಿಲ್ಲ; ಗುರಿಯಿದ್ದವನಿಗೆ ಬುಧವಾರ ಬರುತ್ತಿದೆಯೆಂಬ ಎಚ್ಚರ ಮಂಗಳವಾರ ರಾತ್ರಿಯೇ ಹುಟ್ಟುತ್ತದೆ, ಹಾಗೆ ಹುಟ್ಟುವ ಎಚ್ಚರವೇ ನಾನು ಮೇಲೆ ಹೇಳಿದ ಶಕ್ತಿ.

ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ ಕಾಣಿಸಿದ ಕಥೆಯನ್ನು ತಾವು ಸೇವೆಯುದ್ದಕ್ಕೂ ಸಮಾರಂಭಗಳಲ್ಲಿ ಸಾಕು ಸಾಕೆನ್ನುವಷ್ಟು ಕೇಳಿರುವಿರಾದುದರಿಂದ ನಾನು ಅದರ ಗೊಡವೆಗೆ ಹೋಗುವುದಿಲ್ಲ. ಅದಕ್ಕೆ ಬದಲಾಗಿ ನಮ್ಮ ನುಡಿಗೆ ದುಡಿದ ಕೆಲವು ನಿವೃತ್ತರನ್ನು ಸ್ಮರಿಸೋಣ. ಮೈಸೂರಿನ ಪ್ರಾಕ್ತನ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದ ಆರ್. ನರಸಿಂಹಾಚಾರ್ಯರು ಕನ್ನಡ ಕವಿಗಳ ಚರಿತ್ರೆಯನ್ನು ಸಂಗ್ರಹಿಸುವ ಸಂಕಲ್ಪ ಮಾಡಿ ಮೊದಲ ಸಂಪುಟವನ್ನು 1907ರಲ್ಲಿಯೂ ಎರಡನೆಯದನ್ನು 1919ರಲ್ಲಿಯೂ ಹೊರತಂದರು. 1922ರಲ್ಲಿ ಸೇವೆಯಿಂದ ನಿವೃತ್ತರಾದರು. ಎರಡು ಸಂಪುಟಗಳ ಕೀರ್ತಿ ಒಬ್ಬನ ಜನ್ಮಕ್ಕೆ ಸಾಲದೆ? ಅಲ್ಲಿಗೆ ನಿಲ್ಲಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಉದ್ದೇಶಿಸಿದ ಕಾರ್ಯ ಮುಗಿದಿರಲಿಲ್ಲವಾದುದರಿಂದ ಅವರು ನಿಲ್ಲಿಸಲಿಲ್ಲ. ಮೂರನೆಯ ಸಂಪುಟ 1929ರಲ್ಲಿ, ಅವರಿಗೆ ಎಪ್ಪತ್ತು ಸಮೀಪಿಸುತ್ತಿದ್ದಾಗ, ಅಚ್ಚಾಗಿ ಬಂದಿತು. ಓಲೆಗರಿಗಳನ್ನು ಬಿಡಿಸಿ, ಶಾಸನಗಳೊಡನೆ ಹೋಲಿಸಿ, ಕವಿಯ ಕಾಲ ಮತ ಆಶ್ರಯದಾತರನ್ನು ನಿರ್ಣಯಿಸುವ ಅಂಥ ಕೆಲಸ ಎಳೆಯರ ಕಣ್ಣನ್ನೂ ದಣಿಸತಕ್ಕದ್ದು.

ಪ್ರೊ. ಜಿ. ವೆಂಕಟಸುಬ್ಬಯ್ಯನವರ ವಿಷಯ ತಮ್ಮಲ್ಲಿ ಅನೇಕರು ಪ್ರತ್ಯಕ್ಷವಾಗಿ ಬಲ್ಲದ್ದು. 1913ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ವಿಜಯಾ ಕಾಲೇಜಿನಿಂದ 1973ರಲ್ಲಿ, ನಮ್ಮ ನಿಮ್ಮೆಲ್ಲರಂತೆ ಅರುವತ್ತರ ಹೊಸ್ತಿಲಿನಲ್ಲಿ, ನಿವೃತ್ತರಾದರು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಬಹುಭಾಗದ ಹೊರೆ ಅಲ್ಲಿಂದ ಮುಂದೆ ಹೊತ್ತದ್ದು. ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿದುದು 1991ರಲ್ಲಿ. ಆಗ ಅವರಿಗೆ ಎಪ್ಪತ್ತೆಂಟರ ಆಸುಪಾಸು. ನಿಘಂಟಿನ ಗಾತ್ರಕ್ಕಿಂತ ಆ ಅಂಕಣದ ಕ್ರಮ ನನಗೆ ಹೆಚ್ಚು ಪಾಠ ಕಲಿಸಿದೆ. ಕನ್ನಡ ಪದಸಂಪತ್ತನ್ನು ಜನರಿಗೆ ತಲುಪಿಸಬೇಕೆಂಬ ವಿಶಾಲವಾದ ಧ್ಯೇಯವನ್ನು ಅವರು, ಓದುಗರು ಕೇಳಿದ ಕೆಲವು ಪದಗಳಿಗೆ ಈ ವಾರ ಉತ್ತರ ಕೊಡತಕ್ಕದ್ದು ಎಂಬ ಅಲ್ಪವೂ ಅನುಲ್ಲಂಘನೀಯವೂ ಆದ ಕರ್ತವ್ಯವನ್ನಾಗಿ ಪರಿವರ್ತಿಸಿಕೊಂಡರು. ವಾರ ಕಳೆದಂತೆ ವಾರ ಬಂದಿತು, ಪ್ರಶ್ನೆಗಳೂ ಬಂದವು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠದಲ್ಲಿ ಕುಳಿತಾಗ ಅವರಿಗೆ ತೊಂಬತ್ತೇಳು. 2021ರಲ್ಲಿ ತೀರಿಕೊಂಡಾಗ ನೂರೇಳು. ಗುರಿಯಿಟ್ಟುಕೊಂಡವರೆಲ್ಲ ನೂರೇಳು ಬದುಕುತ್ತಾರೆಂದು ನಾನು ವಾದಿಸುವುದಿಲ್ಲ. ಆಯುಸ್ಸು ನಮ್ಮ ಅಧೀನದಲ್ಲಿಲ್ಲ. ಇದ್ದ ಆಯುಸ್ಸಿನ ಬೆಳಗುಗಳಿಗೆ ಒಂದು ಮುಖವಿತ್ತೆಂಬುದಷ್ಟೇ ನನ್ನ ಮಾತಿನ ತಾತ್ಪರ್ಯ.

ಸರ್ ಎಂ. ವಿಶ್ವೇಶ್ವರಯ್ಯನವರನ್ನು ಪ್ರಸ್ತಾಪಿಸದಿದ್ದರೆ ಇಂಜಿನಿಯರುಗಳು ಮುನಿಯಬಹುದು. ಮುಂಬಯಿ ಸರಕಾರದ ಸೇವೆಯಿಂದ ಅವರು ಸ್ವೇಚ್ಛೆಯಿಂದ ನಿವೃತ್ತರಾದುದು 1908ರಲ್ಲಿ. ಕನ್ನಂಬಾಡಿಯ ಕಟ್ಟೆ, ಮೈಸೂರು ಬ್ಯಾಂಕು, ವಿಶ್ವವಿದ್ಯಾನಿಲಯ, ದಿವಾನಗಿರಿ, ಎಲ್ಲವೂ ತದನಂತರ ಬಂದವು. ಆದರೆ ಅವರಿಗೆ ಆಗ ಐವತ್ತು ಕೂಡ ತುಂಬಿರಲಿಲ್ಲ, ಮೇಲಾಗಿ ಅವರ ನಿದರ್ಶನದ ಎತ್ತರಕ್ಕೆ ನೋಡಿದರೆ ನಮ್ಮಂಥವರಿಗೆ ಕತ್ತು ನೋಯುತ್ತದೆ. ರೆವರೆಂಡ್ ಕಿಟ್ಟೆಲರು ನಮಗೆ ಇನ್ನೂ ಹತ್ತಿರದವರೆಂದು ನನ್ನ ಭಾವನೆ: 1894ರಲ್ಲಿ ಸುಮಾರು ಎಪ್ಪತ್ತು ಸಾವಿರ ಪದಗಳ ಕೋಶ ಪ್ರಕಟವಾದಾಗ ಅವರಿಗೆ ಅರುವತ್ತೆರಡು, ಸ್ವದೇಶಕ್ಕೆ ಮರಳಿಯಾಗಿತ್ತು, ದೃಷ್ಟಿ ಮಂದವಾಗಿತ್ತು, ಅಂಥ ಸ್ಥಿತಿಯಲ್ಲಿ ಕನ್ನಡ ವ್ಯಾಕರಣವೊಂದನ್ನು ಬರೆದು ಮುಗಿಸುವ ಗುರಿಯನ್ನಿಟ್ಟುಕೊಂಡರು. ಗ್ರಂಥವು 1903ರಲ್ಲಿ ಹೊರಬಂದಿತು. ಅದೇ ವರ್ಷ ಅವರು ಕಾಲವಾದರು.

ನಾವು ಕೋಶಕಾರರಲ್ಲ ಎಂದು ತಾವು ಹೇಳುವುದು ಕೇಳಿಸುತ್ತಿದೆ. ಆದರೆ ತಮ್ಮ ಸೇವೆಯೇ ತಮಗೆ ಕೊಟ್ಟಿರುವ, ಬೇರೆಯವರಲ್ಲಿಲ್ಲದ ಜ್ಞಾನವೊಂದು ಪ್ರತಿಯೊಬ್ಬರಲ್ಲಿಯೂ ಇದೆ. ಗ್ರಾಮಲೆಕ್ಕಿಗರಾಗಿ, ಶಿರಸ್ತೇದಾರರಾಗಿ ದುಡಿದವರು ತಮ್ಮ ಹೋಬಳಿಯ ಕೆರೆಗಳನ್ನು ಬಲ್ಲಂತೆ ಉಪಗ್ರಹವೂ ಅರಿಯದು. ಯಾವ ಕೆರೆಯ ಕೋಡಿ ಯಾವ ಕೆರೆಗೆ ಬೀಳುತ್ತಿತ್ತು, ತೂಬು ಯಾವಾಗ ಕೆಟ್ಟಿತು, ನೀರಗಂಟಿಯ ಮನೆತನದವರು ಈಗೆಲ್ಲಿದ್ದಾರೆ, ರಾಜಕಾಲುವೆಯ ಮೇಲೆ ಯಾವ ಕಾಲದಲ್ಲಿ ಯಾವ ಬಡಾವಣೆ ಎದ್ದಿತು, ಎಂಬುದನ್ನು ಬರುವ ಯುಗಾದಿಯೊಳಗೆ, ಒಂದೇ ಒಂದು ಹೋಬಳಿಯ ಮಟ್ಟಿಗೆ, ವಾರಕ್ಕೊಂದು ಕೆರೆಯ ಏರಿಯ ಮೇಲೆ ನಿಂತು ನೋಡಿ ಬರೆದಿಟ್ಟರೆ, ಮುಂದೆ ಬರಗಾಲದಲ್ಲಿಯೂ ನೆರೆಯಲ್ಲಿಯೂ ಆ ನೋಟುಪುಸ್ತಕವನ್ನು ಹುಡುಕಿಕೊಂಡು ಜನ ಬರುತ್ತಾರೆ. ಪ್ರಾಥಮಿಕ ಶಾಲೆಯ ಶಿಕ್ಷಕರು ಊರಿಗೆಲ್ಲ ಉಚಿತ ಪಾಠವೆಂದು ಫಲಕ ಹಾಕುವ ಬದಲು, ಮೂರನೆಯ ತರಗತಿ ದಾಟಿಯೂ ಓದಲು ಬಾರದ ಐದೇ ಮಕ್ಕಳನ್ನು ಹೆಸರು ಹಿಡಿದು ಆರಿಸಿಕೊಂಡು, ಬೇಸಗೆ ರಜೆಗೆ ಮುನ್ನ ಅವರು ಪಠ್ಯಪುಸ್ತಕದ ಒಂದು ಪುಟವನ್ನು ತಡವರಿಸದೆ ಓದುವಂತೆ ಮಾಡಲಿ. ಬಸ್ಸು ನಡೆಸಿದವರು, ಹೆರಿಗೆ ವಾರ್ಡಿನಲ್ಲಿ ರಾತ್ರಿಗಳನ್ನು ಕಳೆದವರು, ವಿದ್ಯುತ್ ಕಂಬ ಹತ್ತಿದವರು, ತಮಗೆ ತಕ್ಕುದನ್ನು ತಾವೇ ಬಲ್ಲರು. ನಾನು ಪಟ್ಟಿ ಮಾಡಿಕೊಟ್ಟರೆ ಅದು ಮತ್ತೆ ಪರರು ವಿಧಿಸಿದ ಗುರಿಯಾದೀತು.

ಸೋದರಿಯರಲ್ಲಿ ಪ್ರತ್ಯೇಕವಾಗಿ ನಾಲ್ಕು ಮಾತು. ಗಂಡಸು ನಿವೃತ್ತನಾದರೆ ಮನೆಗೆ ಬಂದು ಕುಳಿತನೆನ್ನುತ್ತಾರೆ. ಹೆಂಗಸು ನಿವೃತ್ತಳಾದರೆ, ಇನ್ನು ಮೇಲೆ ಅಮ್ಮ ಮನೆಯಲ್ಲೇ ಇರ್ತಾರಲ್ಲ ಎಂದು ಸಂತೋಷಪಡುತ್ತಾರೆ. ಆ ಸಂತೋಷದ ಅರ್ಥವನ್ನು ತಾವು ಬಲ್ಲಿರಿ. ಅಡುಗೆಯವಳನ್ನು ಬಿಡಿಸುತ್ತಾರೆ, ಮೊಮ್ಮಗುವನ್ನು ಶಿಶುವಿಹಾರದಿಂದ ಕರೆತರುವ ಹೊಣೆ ತಮ್ಮ ಪಾಲಿಗೆ ಬರುತ್ತದೆ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಆರು ತಿಂಗಳ ಟಿಕೇಟು ತಮ್ಮನ್ನು ಕೇಳುವ ಮುನ್ನವೇ ಬಂದಿರುತ್ತದೆ. ಇವು ಪ್ರೀತಿಯ ಕೆಲಸಗಳು, ಮಾಡಬಾರದೆಂದು ಯಾರೂ ಹೇಳರು. ಆದರೆ ಇಡೀ ದಿನ ದುಡಿದರೂ ಇದು ನನ್ನದೆನ್ನುವ ಒಂದು ಗಂಟೆಯಿಲ್ಲದ ದಣಿವಿಗೆ ಯಾವ ಕಷಾಯವೂ ಇಲ್ಲ. ಸಮಯ ಬೇಕೆಂದು ಬರಿದೆ ಕೇಳಿದರೆ ಮನೆಯವರು ಕೊಡುವುದಿಲ್ಲ, ಏಕೆಂದರೆ ಯಾವುದಕ್ಕೆಂದು ಅವರಿಗೆ ಕಾಣುವುದಿಲ್ಲ. ಬರುವ ವರ್ಷ ವೀಣೆಯ ಜೂನಿಯರ್ ಪರೀಕ್ಷೆಗೆ ಕುಳಿತುಕೊಳ್ಳುತ್ತೇನೆ, ಸಂಜೆ ನಾಲ್ಕರಿಂದ ಐದರವರೆಗೆ ನನ್ನನ್ನು ಯಾರೂ ಕರೆಯಬೇಡಿ ಎಂದರೆ, ಗೊಣಗಿಕೊಂಡಾದರೂ ಕೊಡುತ್ತಾರೆ. ಸ್ಪಷ್ಟವಾದ ಗುರಿಗೆ ಬಾಗಿಲಿನ ಅಗುಳಿಯ ಗುಣವೂ ಇದೆ.

ಇಷ್ಟು ಹೇಳಿದ ಮೇಲೆ, ಅರುವತ್ತು ವಾನಪ್ರಸ್ಥದ ವಯಸ್ಸು, ಆಶೆಗಳನ್ನು ತ್ಯಜಿಸಬೇಕಾದ ಕಾಲದಲ್ಲಿ ಹೊಸ ಗುರಿಗಳನ್ನು ಬೋಧಿಸುವುದು ಅಧರ್ಮವಲ್ಲವೆ, ಎಂದು ಗೀತಾಪಾರಾಯಣ ಮಾಡುವ ಮಿತ್ರರು ಕೇಳದೆ ಬಿಡರು. ಗೀತೆಯು ಫಲದ ಮೇಲಿನ ಅಧಿಕಾರವನ್ನು ನಿರಾಕರಿಸಿತೇ ಹೊರತು ಕರ್ಮವನ್ನು ಅಸ್ಪಷ್ಟವಾಗಿ ಮಾಡೆಂದು ಎಲ್ಲಿಯೂ ಹೇಳಲಿಲ್ಲ. ವಸ್ತುತಃ ನಮ್ಮ ನಿವೃತ್ತರಲ್ಲಿ ಹೆಚ್ಚಿನವರು ತ್ಯಜಿಸಿರುವುದು ಕರ್ಮವನ್ನು, ಆಶೆಗಳೆಲ್ಲ ಭದ್ರವಾಗಿವೆ. ಮಗನಿಗೆ ಬಡ್ತಿಯಾಗಬೇಕು, ನಿವೇಶನದ ದಾವೆ ನಮ್ಮಂತೆ ಆಗಬೇಕು, ತುಟ್ಟಿಭತ್ಯ ಏರಬೇಕು, ಸಕ್ಕರೆ ಇಳಿಯಬೇಕು: ಇವುಗಳಲ್ಲಿ ಮೊದಲ ಮೂರನ್ನು ಅನ್ಯರು ನೆರವೇರಿಸತಕ್ಕದ್ದು, ನಾಲ್ಕನೆಯದು ಅರ್ಧ ನಮ್ಮದು, ಅರ್ಧ ವೈದ್ಯರದು. ತನ್ನ ಕೈಯಿಂದ ಆಗಬೇಕಾದುದನ್ನು ಮಾತ್ರ ಗುರಿಯೆಂದು ಎಣಿಸಬೇಕು. ಮಿಕ್ಕವುಗಳನ್ನು ಗುರಿಯೆಂದು ಹೆಸರಿಟ್ಟು ಕಾದು ಕುಳಿತರೆ ಶಕ್ತಿ ಹೆಚ್ಚುವುದಿರಲಿ, ಇದ್ದ ರಕ್ತವೂ ಸುಡುತ್ತದೆ.

ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಅಧ್ಯಕ್ಷತೆಯನ್ನು ವಹಿಸಿಕೊಳ್ಳಿರೆಂದು ಮೊದಲ ತಿಂಗಳೇ ಕೇಳಿಕೊಂಡು ಬರುತ್ತಾರೆ. ಒಂದು ವರ್ಷ ಒಪ್ಪಬೇಡಿರಿ. ಅದು ಕಳೆದುಕೊಂಡ ಕುರ್ಚಿಯ ಮೇಲಿನ ಮೋಹವೇ ಹೊರತು ಉದ್ದೇಶವಲ್ಲ. ಏಕಕಾಲದಲ್ಲಿ ಸಂಗೀತ, ಸಂಸ್ಕೃತ, ಯೋಗ, ತೋಟಗಾರಿಕೆಗಳನ್ನು ಆರಂಭಿಸುವ ಉತ್ಸಾಹಿಗಳೂ ಒಂದನ್ನು ಆರಿಸಿಕೊಳ್ಳುವುದು ಕ್ಷೇಮ. ಕೈಗೊಂಡದ್ದು ತನಗೆ ಒಗ್ಗದೆಂದು ಮೂರು ತಿಂಗಳಲ್ಲಿ ಮನವರಿಕೆಯಾದರೆ ಬಿಡುವುದರಲ್ಲಿ ಅಪಮಾನವಿಲ್ಲ. ಬಿಟ್ಟ ದಿನವೇ ಬೇರೊಂದನ್ನು ಬರೆದಿಟ್ಟುಕೊಂಡರಾಯಿತು. 2006ರ ಏಪ್ರಿಲಿನಿಂದೀಚೆಗೆ ಸೇವೆಗೆ ಸೇರಿ, ಹಳೆಯ ಪಿಂಚಣಿಯ ಆಸರೆಯಿಲ್ಲದೆ ನಿವೃತ್ತರಾಗುತ್ತಿರುವವರಿಗೆ ಮಾತ್ರ ಇವಾವುದನ್ನೂ ಬೋಧಿಸುವ ಧಾರ್ಷ್ಟ್ಯ ನನಗಿಲ್ಲ. ಅವರ ಮೊದಲ ಗುರಿ ಜೀವನೋಪಾಯ, ಅದನ್ನು ಅವರು ನನಗಿಂತ ಸ್ಪಷ್ಟವಾಗಿ ಕಂಡುಕೊಂಡಿರುತ್ತಾರೆ.

ಉಳಿದವರಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಪಿಂಚಣಿಯ ಕಡತದ ಓಡಾಟ ಮುಗಿಯುವ ಮುನ್ನವೇ, ಆ ಓಡಾಟದ ಚೈತನ್ಯ ಮೈಯಲ್ಲಿನ್ನೂ ಇರುವಾಗಲೇ, ಒಂದು ಹಾಳೆಯ ಮೇಲೆ ಒಂದೇ ವಾಕ್ಯವನ್ನು ಬರೆಯಿರಿ: ಯಾವ ಕಾರ್ಯ, ಎಷ್ಟು, ವಾರದ ಯಾವ ಯಾವ ದಿನ, ಯಾವ ತಾರೀಖಿನೊಳಗೆ. ಎರಡು ವಾಕ್ಯಗಳಾದರೆ ಒಂದನ್ನು ಹೊಡೆದುಹಾಕಿರಿ. ಉಳಿದ ವಾಕ್ಯವನ್ನು ಮನೆಯವರೆಲ್ಲ ಊಟಕ್ಕೆ ಕುಳಿತಾಗ ಗಟ್ಟಿಯಾಗಿ ಓದಿ ಹೇಳಿ, ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಕೆಲಸವನ್ನು ಆರಂಭಿಸಿರಿ.

ಇಂತು,
ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಮೇಷ್ಟ್ರು